ಹಿಮದ ಹಾದಿಯಲ್ಲಿ ಮುಂಚಕ್ರ ಚಾಲನೆಯ ಕಾರು

೧೯೬೫ನೆಯ ಜನವರಿಯಲ್ಲಿ ಮಾಂಟೆ ಕಾರ್ಲೊ ಮೋಟಾರು ರ್‍ಯಾಲಿಗೆಂದು ಹೊರಟ ಕಾರುಗಳು ೨೩೭. ಯೂರೋಪಿನ ಬೇರೆ ಬೇರೆ ಪಟ್ಟಣಗಳಿಂದ ಹೊರಟು, ಆಲ್ಪ್ಸ್ ಪರ್ವತಗಳ ಕಣಿವೆಗಳನ್ನು ಹಾಯ್ದು, ಮೆಡಿಟರೇನಿಯನ್ ಸಮುದ್ರ ತೀರದ ಮೊನಾಕೊವನ್ನು ಸೇರಬೇಕಾಗಿದ್ದ ಆ ಗಾಡಿಗಳಲ್ಲಿ ಬಹುಪಾಲನ್ನು ಹಿಮಪಾತವು ದಾರಿಯಲ್ಲಿಯೇ ಹಿಡಿದು ನಿಲ್ಲಿಸಿತು. ಕೊನೆಯವರೆಗೆ ಉಳಿದವು ಕೇವಲ ೩೫. ಅವುಗಳಿಗೆಲ್ಲ ಮೊದಲಾಗಿ ಬಂದುದು ಫಿನ್ಲೆಂಡಿನ ಟಿಮೊ ಮ್ಯಾಕಿನೆನ್ ನಡೆಸಿದ ಒಂದು ಪುಟ್ಟ ಕಾರು: ಹತ್ತು ಅಂಗುಲದ ಚಕ್ರಗಳ ಮೇಲೆ ಕುಳಿತ ಮಿನಿ ಕೂಪರ್ ಎಸ್.

ಈ ಗೆಲುವು ಒಂಟಿಯಾದುದಲ್ಲ. ೧೯೬೨ ಮತ್ತು ೧೯೬೩ರಲ್ಲಿ ಅದೇ ರ್‍ಯಾಲಿಯನ್ನು ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಸಾಬ್ ೯೬ ಕಾರಿನಲ್ಲಿ ಗೆದ್ದಿದ್ದನು. ೧೯೬೪ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಿನಿಯಲ್ಲಿ ಗೆದ್ದನು. ೧೯೬೬ರಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಬಂದ ಮೂರು ಮಿನಿಗಳನ್ನು ಮುಂದೀಪಗಳ ವಿಚಾರದಲ್ಲಿ ತಕರಾರು ತೆಗೆದು ಅನರ್ಹಗೊಳಿಸಿದಾಗ ಬಹುಮಾನ ಸಿಟ್ರೊಯೆನ್ ಕಾರೊಂದಕ್ಕೆ ಹೋಯಿತು; ಆ ನಿರ್ಣಯ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಮೋಟಾರು ಪ್ರಿಯರಲ್ಲಿ ಇನ್ನೂ ಮುಗಿದಿಲ್ಲ. ೧೯೬೭ರಲ್ಲಿ ಮರಳಿ ಮಿನಿ. ಹೀಗೆ ಆರು ವರ್ಷ ಎಡೆಬಿಡದೆ ಗೆದ್ದ ಈ ಮೂರು ಜಾತಿಯ ಕಾರುಗಳಿಗೂ ಸಾಮಾನ್ಯವಾದ ಲಕ್ಷಣವೊಂದುಂಟು. ಮೂರರಲ್ಲಿಯೂ ಎಂಜಿನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗಲ್ಲ, ಮುಂದಿನ ಚಕ್ರಗಳಿಗೆ.

ಮುಂಚಕ್ರ ಚಾಲನೆಯ ಕಾರಿಗೆ ಹಿಮದ ಭಯವಿಲ್ಲ ಎಂಬ ಮಾತು ಬಲಗೊಂಡುದು ಇಂತಹ ಗೆಲುವುಗಳಿಂದ. ಚಳಿದೇಶಗಳಲ್ಲಿ ಅದನ್ನು ಇಂದಿಗೂ ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಉಳಿದರ್ಧವನ್ನು ನಂಬಿದವನು ಹಳ್ಳಕ್ಕೆ ಬೀಳುವನು. ಇಲ್ಲವೆ, ಇನ್ನೂ ಕೆಟ್ಟದ್ದೆಂದರೆ, ದಾರಿ ದಾಟುತ್ತಿರುವ ಮತ್ತೊಬ್ಬನ ಮೇಲೆ ಹೋಗುವನು. ಹಿಮವನ್ನೇ ಕಾಣದ ನಾಡಿನಲ್ಲಿ ಕುಳಿತು ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ನಮ್ಮ ತರುಣರು ವರ್ಷವರ್ಷವೂ ಕೆನಡ, ಜರ್ಮನಿ, ಸ್ವೀಡನ್, ಅಮೆರಿಕದ ಉತ್ತರ ಸಂಸ್ಥಾನಗಳು ಮುಂತಾದ ಕಡೆಗೆ ವ್ಯಾಸಂಗಕ್ಕೆಂದು ಹೋಗುತ್ತಿರುವರಷ್ಟೆ. ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಕಾರು ನಡೆಸುವುದನ್ನು ಕಲಿತವನು ಅಲ್ಲಿ ಮೊದಲ ಚಳಿಗಾಲಕ್ಕೆ ಮುನ್ನವೇ ಒಂದು ಹಳೆಯ ಕಾರನ್ನು ಕೊಳ್ಳುವುದುಂಟು. ವಯಸ್ಸಿನ ಗುಣವಾಗಿ ಚುರುಕಾದ ಸ್ಪೋರ್ಟ್ಸ್ ಮಾದರಿಯ ಕಾರಿನ ಮೇಲೆಯೇ ಮನಸ್ಸು ಹೋಗುವುದೂ ಉಂಟು. ಅಂತಹವನಿಗೆ ಬೇಕಾದ ವಿಜ್ಞಾನವೆಲ್ಲ ನಮ್ಮ ಪಠ್ಯಪುಸ್ತಕದ ಘರ್ಷಣೆಯ ಅಧ್ಯಾಯದಲ್ಲಿಯೇ ಇದೆ. ಆದರೆ ಆ ಅಧ್ಯಾಯವನ್ನು ನಾವು ಪರೀಕ್ಷೆಗಾಗಿ ಓದಿ ಅಲ್ಲಿಯೇ ಬಿಟ್ಟುಬಿಡುತ್ತೇವೆ.

ಮೊದಲು ಆ ಮಾತಿನ ಸತ್ಯಾಂಶವನ್ನು ನೋಡೋಣ. ೧೯೫೯ರಲ್ಲಿ ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಮಿನಿಯಲ್ಲಿ ಎಂಜಿನು ಮುಂಭಾಗದಲ್ಲಿ ಅಡ್ಡಲಾಗಿ ಕುಳಿತಿತ್ತು. ಗೇರುಗಳೂ ಅದರ ಕೆಳಗೇ ಇದ್ದುವು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಕ್ರಮವನ್ನು ಸ್ವಲ್ಪ ಬದಲಿಸಿಕೊಂಡು ಅನುಸರಿಸಿವೆ. ಇಂತಹ ಕಾರಿನ ಒಟ್ಟು ತೂಕದಲ್ಲಿ ನೂರಕ್ಕೆ ಸುಮಾರು ಅರುವತ್ತು ಪಾಲು ಮುಂಚಕ್ರಗಳ ಮೇಲೆ ಬೀಳುವುದು. ಘರ್ಷಣೆಯು ಒತ್ತುವ ಭಾರಕ್ಕೆ ಅನುಗುಣವಾಗಿರುವುದೆಂಬುದನ್ನು ನಾವು ಬಲ್ಲೆವು. ತುಳಿದು ಗಟ್ಟಿಯಾದ ಹಿಮದ ಮೇಲೆ ಘರ್ಷಣಾಂಕವನ್ನು ೦.೨ ಎಂದು ಹಿಡಿಯೋಣ. ೧೩೦೦ ಕಿಲೋಗ್ರಾಂ ತೂಕದ ಕಾರಿನ ಮುಂಚಕ್ರಗಳ ಮೇಲೆ ೭೮೦ ಕಿಲೋಗ್ರಾಂ ಇದ್ದರೆ, ಅವು ಜಾರದೆ ೧೫೬ ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಗಾಡಿಯನ್ನು ಎಳೆಯಬಲ್ಲವು. ಅದೇ ತೂಕದ, ಆದರೆ ಮುಂದೆ ಹಿಂದೆ ಭಾರ ಸಮನಾಗಿ ಹಂಚಿರುವ ಹಿಂಚಕ್ರ ಚಾಲನೆಯ ಕಾರಿಗೆ ದೊರೆಯುವುದು ೧೩೦ ಮಾತ್ರ. ನೂರು ಮೀಟರಿಗೆ ಹತ್ತು ಮೀಟರು ಏರುವ ದಿಣ್ಣೆಯನ್ನು ಹತ್ತಲು ಬೇಕಾದ ಬಲವೂ ಹೆಚ್ಚುಕಡಿಮೆ ಇಷ್ಟೇ. ಒಂದು ಕಾರು ಹತ್ತಿಹೋಗುವ ದಿಣ್ಣೆಯಲ್ಲಿ ಇನ್ನೊಂದು ಚಕ್ರ ತಿರುಗಿಸುತ್ತ ನಿಲ್ಲುವುದು ಈ ಸಣ್ಣ ಅಂತರದಿಂದಲೇ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ವೇಗ ಹೆಚ್ಚಿಸುವಾಗಲೂ ದಿಣ್ಣೆ ಏರುವಾಗಲೂ ಭಾರ ಹಿಂದಕ್ಕೆ ಸರಿಯುವುದಲ್ಲವೆ? ನಿಜ. ಒಣಗಿದ ರಸ್ತೆಯಲ್ಲಿ ಬಲವಾದ ಎಂಜಿನಿನ ಕಾರು ರಭಸದಿಂದ ಹೊರಟರೆ ನೂರು ಕಿಲೋಗ್ರಾಮಿಗೂ ಮಿಕ್ಕ ಭಾರ ಮುಂಚಕ್ರಗಳಿಂದ ಹಿಂಚಕ್ರಗಳಿಗೆ ಹೋದೀತು. ಓಟದ ಪಂದ್ಯದ ಕಾರುಗಳು ಬಹುಮಟ್ಟಿಗೆ ಹಿಂಚಕ್ರಗಳಿಂದ ನಡೆಯುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಹಿಮದಲ್ಲಿ ರಭಸವೇ ಸಾಧ್ಯವಿಲ್ಲ. ಆದುದರಿಂದ ಭಾರ ಸರಿಯುವುದೂ ಅಲ್ಪ. ಮುಂಚಕ್ರ ಚಾಲನೆ ತನ್ನ ದೌರ್ಬಲ್ಯವನ್ನು ಒಣರಸ್ತೆಯಲ್ಲಿ ತೋರಿಸಿ, ಗುಣವನ್ನು ಹಿಮದಲ್ಲಿ ತೋರಿಸುವುದು. ಇದಲ್ಲದೆ, ಎತ್ತು ಮುಂದೆ ನಿಂತು ಗಾಡಿಯನ್ನು ಎಳೆಯುವಂತೆ, ಇಲ್ಲಿ ಎಳೆಯುವ ಚಕ್ರಗಳೇ ದಿಕ್ಕನ್ನೂ ತಿರುಗಿಸುವುದರಿಂದ, ಗಾಡಿ ತಿರುಗಿದ ಕಡೆಗೆ ಬಲವೂ ತಿರುಗುವುದು. ಹಿಂದಿನಿಂದ ನೂಕಿಸಿಕೊಳ್ಳುವ ಗಾಡಿ ಬಾಲ ಬೀಸುವಷ್ಟು ಸುಲಭವಾಗಿ ಇದು ಬೀಸದು.

ಸತ್ಯಾಂಶ ಇಲ್ಲಿಗೆ ಮುಗಿಯಿತು. ನಿಲ್ಲಿಸುವಾಗ ಏನಾಗುವುದು?

ಬ್ರೇಕು ಹಾಕಿದಾಗ ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳೂ ಹಿಡಿಯುತ್ತವೆ. ಎಂಜಿನು ಯಾವ ಚಕ್ರಕ್ಕೆ ಜೋಡಿಸಲ್ಪಟ್ಟಿದೆ ಎಂಬುದಕ್ಕೆ ಅಲ್ಲಿ ಬೆಲೆಯೇ ಇಲ್ಲ. ನಿಲ್ಲುವ ದೂರವನ್ನು ಕಾಲೇಜಿನ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಬಹುದು: ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರಾಯಿತು. ಗಂಟೆಗೆ ೫೦ ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು ೧೪ ಮೀಟರು. ಒಣಗಿದ ಟಾರು ರಸ್ತೆಯ ಘರ್ಷಣಾಂಕ ೦.೮ ಎಂದರೆ ಕಾರು ೧೨ ಮೀಟರಿನಲ್ಲಿ ನಿಲ್ಲುವುದು. ಗಟ್ಟಿಹಿಮದ ಮೇಲೆ, ೦.೨ ಎಂದರೆ, ೪೯ ಮೀಟರು. ನುಣುಪಾದ ಮಂಜುಗಡ್ಡೆಯ ಮೇಲೆ ಘರ್ಷಣಾಂಕ ೦.೧ಕ್ಕೆ ಇಳಿದರೆ ೯೮ ಮೀಟರು. ಚಾಲಕನು ಕಂಡು ಕಾಲು ಎತ್ತಿ ಬ್ರೇಕಿನ ಮೇಲಿಡುವಷ್ಟರಲ್ಲಿ ಕಳೆಯುವ ಸೆಕೆಂಡಿನ ೧೪ ಮೀಟರನ್ನು ಇದಕ್ಕೆ ಸೇರಿಸಬೇಕು. ಈ ಸೂತ್ರದಲ್ಲಿ ಕಾರಿನ ತೂಕವೂ ಇಲ್ಲ, ಎಂಜಿನಿನ ಬಲವೂ ಇಲ್ಲ, ಮುಂಚಕ್ರ ಹಿಂಚಕ್ರಗಳ ಭೇದವೂ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ನಾಲ್ಕು ಚಕ್ರಗಳಿಗೂ ಬಲ ಹಂಚುವ, ಬೆಲೆಬಾಳುವ, ಎತ್ತರದ ಭಾರಿ ಗಾಡಿಗೂ ಇದೇ ಲೆಕ್ಕ.

ನನ್ನ ವಾದದ ತಿರುಳು ಇಲ್ಲಿದೆ. ಹಿಂದಿನ ಕಾಲದ ಹಿಂಚಕ್ರದ ಕಾರು ಹಿಮದ ಬೆಳಗ್ಗೆ ಮನೆಯ ಬಾಗಿಲಿನಲ್ಲಿಯೇ ಚಕ್ರ ತಿರುಗಿಸುತ್ತ ನಿಂತುಬಿಡುತ್ತಿತ್ತು. ಯಜಮಾನನು ಅದನ್ನು ಶಪಿಸುತ್ತಿದ್ದನಾದರೂ, ದಾರಿ ಎಷ್ಟು ಜಾರುತ್ತಿದೆ ಎಂಬುದನ್ನು ಅದು ನಿಂತ ಸ್ಥಳದಲ್ಲಿಯೇ, ಯಾರಿಗೂ ನೋವಾಗದಂತೆ, ತಿಳಿಸುತ್ತಿತ್ತು. ಮುಂಚಕ್ರದ ಕಾರು ಈ ಎಚ್ಚರಿಕೆಯನ್ನು ಕೊಡುವುದಿಲ್ಲ. ಅದು ಸುಲಭವಾಗಿ ಹೊರಡುವುದು, ದಿಣ್ಣೆ ಏರುವುದು, ನೇರವಾದ ದಾರಿಯಲ್ಲಿ ವೇಗವನ್ನೂ ಪಡೆಯುವುದು. ದಾರಿಯ ಜಾರಿಕೆಯ ಮೊದಲ ಸಮಾಚಾರ ಚಾಲಕನಿಗೆ ಬರುವುದು ಮೊದಲ ತಿರುವಿನಲ್ಲಿ ಅಥವಾ ಮೊದಲ ಕೆಂಪು ದೀಪದ ಮುಂದೆ. ಹೊರಡುವ ಶಕ್ತಿಯೂ ನಿಲ್ಲುವ ಶಕ್ತಿಯೂ ಒಂದೇ ಪ್ರಮಾಣದಲ್ಲಿ ಬೆಳೆದಿದ್ದರೆ ಚಿಂತೆಯಿರಲಿಲ್ಲ. ಇಲ್ಲಿ ಮೊದಲನೆಯದು ಬೆಳೆದು ಎರಡನೆಯದು ಇದ್ದಲ್ಲಿಯೇ ಉಳಿದಿದೆ.

ಇನ್ನು ಸ್ಪೋರ್ಟ್ಸ್ ಮಾದರಿಯ ಕಾರಿನ ವಿಶೇಷವನ್ನು ಹೇಳಬೇಕು. ಒಂದು ಟೈರು ನೆಲದಿಂದ ಪಡೆಯಬಹುದಾದ ಹಿಡಿತಕ್ಕೆ ಒಂದು ಮಿತಿಯುಂಟು. ಅದನ್ನು ನೂರು ಎಂದಿಟ್ಟುಕೊಳ್ಳಿ. ಎಳೆಯುವುದು ಅಥವಾ ತಡೆಯುವುದು ಒಂದು ದಿಕ್ಕಿನ ಬಲ. ತಿರುಗಿಸುವುದು ಅದಕ್ಕೆ ಲಂಬವಾದ ಬಲ. ಇವೆರಡೂ ಲಂಬಕೋನ ತ್ರಿಭುಜದ ಎರಡು ಭುಜಗಳಂತಿದ್ದು, ಕರ್ಣವು ನೂರನ್ನು ಮೀರಕೂಡದು. ಎಂಬತ್ತನ್ನು ಬ್ರೇಕಿಗೆ ಕೊಟ್ಟರೆ ತಿರುಗಲು ಉಳಿಯುವುದು ಅರುವತ್ತು. ನೂರನ್ನೂ ಎಳೆಯುವುದಕ್ಕೆ ಖರ್ಚು ಮಾಡಿದರೆ ತಿರುಗಲು ಉಳಿಯುವುದು ಸೊನ್ನೆ. ಮುಂಚಕ್ರದ ಕಾರಿನಲ್ಲಿ ಎಳೆಯುವ ಕೆಲಸ, ತಿರುಗಿಸುವ ಕೆಲಸ, ತಡೆಯುವ ಕೆಲಸದ ಬಹುಭಾಗ, ಎಲ್ಲವೂ ಅವೇ ಎರಡು ಟೈರುಗಳ ಮೇಲೆ ಬಿದ್ದಿರುವುದರಿಂದ ಈ ಖಜಾನೆ ಬೇಗ ಬರಿದಾಗುವುದು. ಬಲವಾದ ಎಂಜಿನು ಸ್ವಲ್ಪ ಕಾಲು ಒತ್ತಿದರೂ ಚಕ್ರಗಳನ್ನು ಗಿರ್ರನೆ ತಿರುಗಿಸಿಬಿಡುವುದು. ಆಗ ಚಾಲಕನು ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ಕಾರು ಮೂಗು ನೇರ ಹಿಡಿದು ತಿರುವಿನ ಹೊರಗಡೆಗೆ ಸಾಗುವುದು. ಭಯಪಟ್ಟು ಇನ್ನೂ ತಿರುಗಿಸಿದರೆ ಏನೂ ಆಗದು. ಕಾಲನ್ನು ಮೆಲ್ಲನೆ ಎತ್ತಿ, ಚುಕ್ಕಾಣಿಯನ್ನು ಸ್ವಲ್ಪ ನೇರ ಮಾಡಿ, ಚಕ್ರಗಳಿಗೆ ನೆಲ ಸಿಕ್ಕುವವರೆಗೆ ಕಾಯುವುದೇ ಉಪಾಯ. ಅರ್ಧ ಸೆಕೆಂಡಿನಷ್ಟು ಕಾಲವಾದರೂ ಅದು ಬಹು ದೀರ್ಘವಾಗಿ ತೋರುವುದು.

ಕಾಲನ್ನು ಮೆಲ್ಲನೆ ಎತ್ತಿ ಎಂದುದಕ್ಕೆ ಕಾರಣವಿದೆ. ಸ್ಪೋರ್ಟ್ಸ್ ಮಾದರಿಯ ಕಾರುಗಳನ್ನು ತಿರುವಿನಲ್ಲಿ ಚುರುಕಾಗಿ ತಿರುಗಲೆಂದು ಹಿಂಭಾಗವನ್ನು ಬಿಗಿಮಾಡಿ ಹದಗೊಳಿಸಿರುವರು. ತಿರುವಿನ ನಡುವೆ ಕಾಲನ್ನು ಥಟ್ಟನೆ ಎತ್ತಿದರೆ ಎಂಜಿನು ಮುಂಚಕ್ರಗಳನ್ನು ಹಿಡಿದೆಳೆಯುವುದು, ಭಾರ ಮುಂದಕ್ಕೆ ಸರಿಯುವುದು, ಮೊದಲೇ ಹಗುರವಾದ ಹಿಂಭಾಗ ಇನ್ನೂ ಹಗುರವಾಗಿ ಪಕ್ಕಕ್ಕೆ ಹಾರುವುದು. ಮುಂಚಕ್ರದ ಕಾರು ಬಾಲ ಬೀಸುವುದೇ ಇಲ್ಲವೆಂದು ನಂಬಿದ್ದವನಿಗೆ ಇದು ಬಹು ದೊಡ್ಡ ಆಶ್ಚರ್ಯ. ಇಳಿಜಾರಿನಲ್ಲಿ ಗೇರನ್ನು ಒಮ್ಮೆಲೆ ಇಳಿಸುವುದರಿಂದಲೂ ಇದೇ ಫಲ. ಕಾರ್ಲ್‌ಸನ್ ಮೊದಲಾದ ಉತ್ತರದೇಶದ ಚಾಲಕರು ಈ ದೋಷವನ್ನೇ ವಿದ್ಯೆಯಾಗಿ ಮಾಡಿಕೊಂಡರು: ಬಲಗಾಲಿನಿಂದ ಎಂಜಿನಿಗೆ ಬಲ ಕೊಡುತ್ತಲೇ ಎಡಗಾಲಿನಿಂದ ಬ್ರೇಕು ಒತ್ತುವರು, ಎಂಜಿನಿನ ಬಲದಿಂದ ಮುಂಚಕ್ರಗಳು ಉರುಳುತ್ತಲೇ ಇರುವುವು, ಹಿಂಚಕ್ರಗಳು ಮಾತ್ರ ತಡೆದು ಜಾರುವುವು, ಕಾರು ಬೇಕಾದಷ್ಟೇ ತಿರುಗುವುದು. ಮುಚ್ಚಿದ ದಾರಿಯಲ್ಲಿ, ವರ್ಷಗಟ್ಟಲೆ ಅಭ್ಯಾಸದಿಂದ ಬಂದ ವಿದ್ಯೆ ಇದು. ಊರಿನ ಬೀದಿಗೆ ತರತಕ್ಕುದಲ್ಲ.

ತಿರುವಿನ ವೇಗಕ್ಕೂ ಲೆಕ್ಕವುಂಟು. ೫೦ ಮೀಟರು ತ್ರಿಜ್ಯದ ತಿರುವನ್ನು ಒಣರಸ್ತೆಯಲ್ಲಿ ಗಂಟೆಗೆ ಸುಮಾರು ೭೧ ಕಿಲೋಮೀಟರಿನವರೆಗೆ ಸುತ್ತಬಹುದಾದರೆ, ಗಟ್ಟಿಹಿಮದ ಮೇಲೆ ೩೫ ಕಿಲೋಮೀಟರೇ ಮಿತಿ. ಘರ್ಷಣೆ ನಾಲ್ಕನೆಯ ಒಂದು ಪಾಲಾದರೆ ತಿರುವಿನ ವೇಗ ಅರ್ಧವಾಗುವುದು, ನಿಲ್ಲುವ ದೂರ ಮಾತ್ರ ನಾಲ್ಕರಷ್ಟಾಗುವುದು.

ಹಾಗಾದರೆ ಘರ್ಷಣೆಯನ್ನೇ ಹೆಚ್ಚಿಸುವ ಮಾರ್ಗವಿಲ್ಲವೆ? ಇದೆ, ಮತ್ತು ಅದು ಎಂಜಿನಿನಲ್ಲಿಲ್ಲ, ಟೈರಿನಲ್ಲಿದೆ. ಬೇಸಗೆಯ ಟೈರಿನ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುವುದು. ಬಿರುಸಾದ ರಬ್ಬರು ನೆಲದ ಉಬ್ಬುತಗ್ಗುಗಳಿಗೆ ಒಗ್ಗದೆ ಮೇಲೆಯೇ ತೇಲುವುದು. ಚಳಿಗಾಲದ ಟೈರಿನ ರಬ್ಬರಿನ ಮಿಶ್ರಣ ಚಳಿಯಲ್ಲಿಯೂ ಮೃದುವಾಗಿಯೇ ಉಳಿಯುವುದು. ಅದರ ಮೈಮೇಲೆ ಆಳವಾದ ಗಾಡಿಗಳೂ, ಆ ಗಾಡಿಗಳ ನಡುವಣ ದಿಮ್ಮಿಗಳಲ್ಲಿ ಚಾಕುವಿನಿಂದ ಕೊಯ್ದಂತಹ ನೂರಾರು ಸಣ್ಣ ಸೀಳುಗಳೂ ಇರುವುವು. ಗಾಡಿಗಳೊಳಗೆ ತುಂಬಿಕೊಂಡ ಹಿಮವು ನೆಲದ ಹಿಮವನ್ನು ಕಚ್ಚುವುದು. ಹಿಮಕ್ಕೆ ಹಿಮ ಅಂಟುವುದನ್ನು ಹಿಮದುಂಡೆ ಕಟ್ಟಿ ಆಡುವ ಮಕ್ಕಳೆಲ್ಲರೂ ಬಲ್ಲರು! ಫಿನ್ಲೆಂಡಿನ ರಬ್ಬರು ಕಾರ್ಖಾನೆಯೊಂದು ಲಾರಿಗಳಿಗಾಗಿ ಮೊದಲ ಚಳಿಗಾಲದ ಟೈರನ್ನು ಮಾಡಿದುದು ೧೯೩೪ರಲ್ಲಿ. ಸಿಟ್ರೊಯೆನ್ ಕಂಪೆನಿ ತನ್ನ ಪ್ರಸಿದ್ಧವಾದ ಮುಂಚಕ್ರ ಚಾಲನೆಯ ಕಾರನ್ನು ಪ್ಯಾರಿಸಿನಲ್ಲಿ ಹೊರತಂದುದೂ ಅದೇ ವರ್ಷ. ಎರಡರಲ್ಲಿ ಹೆಚ್ಚು ಹೆಸರು ಪಡೆದುದು ಕಾರು; ಹೆಚ್ಚು ಜನರನ್ನು ಕಾಪಾಡಿರುವುದು ಟೈರು ಎಂದು ನಾನು ಭಾವಿಸುತ್ತೇನೆ.

ಸ್ಪೋರ್ಟ್ಸ್ ಮಾದರಿಯ ಕಾರಿನ ಕಷ್ಟ ಇಲ್ಲಿ ಎರಡು ಪಟ್ಟು. ಅದಕ್ಕೆ ಕಾರ್ಖಾನೆಯಿಂದ ಬರುವುವು ಹೆಚ್ಚಾಗಿ ಅಗಲವಾದ, ಗಿಡ್ಡ ಪಕ್ಕಗಳ ಬೇಸಗೆಯ ಟೈರುಗಳು. ಅಗಲವಾದ ಟೈರು ತನ್ನ ಮುಂದೆ ಅಷ್ಟೇ ಅಗಲದ ಹಿಮವನ್ನು ತಳ್ಳಿಕೊಂಡು ಹೋಗಬೇಕು. ಕಿರಿದಾದುದು ಸೀಳಿಕೊಂಡು ಹೋಗುವುದು. ಸ್ವೀಡನ್ನಿನ ಹಿಮದ ರ್‍ಯಾಲಿಯಲ್ಲಿ ಅತ್ಯಂತ ಬಲಶಾಲಿಯಾದ ಕಾರುಗಳು ಸಹ ಮೊಳೆ ಜಡಿದ ಬಹು ಕಿರಿದಾದ ಟೈರುಗಳ ಮೇಲೆ ಓಡುವುದನ್ನು ಚಿತ್ರಗಳಲ್ಲಿ ನೋಡಬಹುದು. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಿರುವುದೂ ಇನ್ನೊಂದು ತೊಂದರೆ. ಆಳವಾದ ಹಿಮದಲ್ಲಿ ಗಾಡಿ ಹಿಮದ ಮೇಲೆ ಹೊಟ್ಟೆಯೂರಿ ನಿಂತರೆ ಚಕ್ರಗಳ ಮೇಲಿನ ಭಾರ ತಪ್ಪಿಹೋಗುವುದು, ಭಾರದೊಡನೆ ಹಿಡಿತವೂ ಹೋಗುವುದು. ಆದರೆ ಇದರಿಂದ ಅಂತಹ ಕಾರನ್ನು ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಕಟ್ಟಿಹಾಕಬೇಕೆಂದು ನಾನು ಹೇಳುವುದಿಲ್ಲ. ಚಕ್ರವನ್ನು ಒಂದು ಅಂಗುಲ ಚಿಕ್ಕದು ಮಾಡಿ, ಅದಕ್ಕೆ ಕಿರಿದಾದ ಚಳಿಗಾಲದ ಟೈರು ಹಾಕಿದ ತಗ್ಗಾದ ಚುರುಕು ಕಾರು, ಸವೆದ ಟೈರಿನ ಎತ್ತರದ ಭಾರಿ ಗಾಡಿಗಿಂತ ತುಳಿದ ಹಿಮದಲ್ಲಿ ಎಷ್ಟೋ ಮೇಲು.

ಇಲ್ಲಿಯೇ ಮಿತವ್ಯಯದ ಒಂದು ಭಯಂಕರ ತಪ್ಪು ನಡೆಯುವುದು. ಎಳೆಯುವುದು ಮುಂಚಕ್ರವಾದುದರಿಂದ ಮುಂದಿನ ಎರಡಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿದರೆ ಸಾಕೆಂದು ತರ್ಕಿಸುವವರಿದ್ದಾರೆ. ತರ್ಕ ಸುಂದರವಾಗಿದೆ. ಫಲವೇನೆಂದರೆ, ಬ್ರೇಕು ಹಾಕಿದಾಗ ಮುಂಭಾಗ ನೆಲವನ್ನು ಹಿಡಿಯುವುದು, ಹಿಂಭಾಗ ಹಿಡಿಯದೆ ಮುಂಭಾಗವನ್ನು ಹಿಂದೆ ಹಾಕಲು ಓಡಿಬರುವುದು. ಕಾರು ತಲೆಕೆಳಗು ಮಾಡಿದ ಬುಗುರಿಯಂತೆ ಸುತ್ತುವುದು. ಟೈರುಗಳೆಲ್ಲ ಒಂದೇ ಜಾತಿಯವಾಗಿದ್ದು ಎಲ್ಲವೂ ಒಟ್ಟಿಗೆ ಜಾರುವುದು ಇದಕ್ಕಿಂತ ಮೇಲು. ನಾಲ್ಕು ಟೈರು ಕೊಳ್ಳಲು ಹಣವಿಲ್ಲದ ವಿದ್ಯಾರ್ಥಿ ಆ ಚಳಿಗಾಲ ಬಸ್ಸಿನಲ್ಲಿ ಓಡಾಡುವುದು ಲೇಸು.

ಈಗಿನ ಕಾರುಗಳಲ್ಲಿ ವಿದ್ಯುನ್ಮಾನ ಯಂತ್ರಗಳು ಎಲ್ಲವನ್ನೂ ನೋಡಿಕೊಳ್ಳುತ್ತವಲ್ಲವೆ ಎಂದು ಕೆಲವರು ಕೇಳುವರು. ಚಕ್ರ ಬಿಗಿದು ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆ ೧೯೭೮ರಿಂದ ಬಳಕೆಗೆ ಬಂದಿತು. ಕಾರು ಅಡ್ಡ ತಿರುಗದಂತೆ ಒಂದೊಂದು ಚಕ್ರವನ್ನೇ ತಡೆದು ಸರಿಪಡಿಸುವ ವ್ಯವಸ್ಥೆ ಅಮೆರಿಕದಲ್ಲಿ ೨೦೧೨ರ ಮಾದರಿಗಳಿಂದಲೂ, ಯೂರೋಪಿನ ಒಕ್ಕೂಟದಲ್ಲಿ ೨೦೧೪ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಇವು ನಿಜವಾಗಿಯೂ ಪ್ರಾಣರಕ್ಷಕಗಳು. ಆದರೆ ಇವು ಇರುವ ಘರ್ಷಣೆಯನ್ನು ಜಾಣತನದಿಂದ ಹಂಚುವವೇ ಹೊರತು ಇಲ್ಲದುದನ್ನು ಹುಟ್ಟಿಸಲಾರವು. ಸಡಿಲವಾದ ಹೊಸ ಹಿಮದಲ್ಲಂತೂ, ಬಿಗಿದ ಚಕ್ರ ತನ್ನ ಮುಂದೆ ಹಿಮದ ಗುಡ್ಡೆಯನ್ನು ಕೂಡಿಸಿ ಬೇಗ ನಿಲ್ಲುವುದು. ಬಿಗಿಯಗೊಡದ ವ್ಯವಸ್ಥೆಯಿಂದ ನಿಲ್ಲುವ ದೂರ ಕೊಂಚ ಹೆಚ್ಚಾಗಲೂಬಹುದು. ಆಗಲೂ ಚುಕ್ಕಾಣಿಯ ಮಾತು ನಡೆಯುವುದರಿಂದ ಆ ವ್ಯವಸ್ಥೆಯೇ ಮೇಲು.

ಮಾಂಟೆ ಕಾರ್ಲೊಗೆ ಮರಳೋಣ. ಆ ರ್‍ಯಾಲಿಯ ತಂಡಗಳು ಬಗೆಬಗೆಯ ಟೈರುಗಳ ದೊಡ್ಡ ದಾಸ್ತಾನನ್ನು ಲಾರಿಗಳಲ್ಲಿ ಹೊರಿಸಿಕೊಂಡು ಹೋಗುತ್ತಿದ್ದುವು. ಮುಂದಾಗಿ ಹೋದವರು ದಾರಿಯ ಮಂಜುಗಡ್ಡೆಯನ್ನು ಪರೀಕ್ಷಿಸಿ ಸಮಾಚಾರ ತರುವರು. ಅದರಂತೆ ಟೈರು ಬದಲಾಗುವುದು. ಇದು ಎಷ್ಟು ದೂರ ಹೋಯಿತೆಂದರೆ, ೧೯೬೭ರಲ್ಲಿ ವ್ಯವಸ್ಥಾಪಕರು ಟೈರುಗಳ ಸಂಖ್ಯೆಯನ್ನು ಎಂಟಕ್ಕೆ ಮಿತಗೊಳಿಸುವ ಕಟ್ಟಳೆಯೊಂದನ್ನು ತಂದರು. ಗೆಲುವು ಎಲ್ಲಿಂದ ಬರುತ್ತಿದೆಯೆಂಬುದು ಕಟ್ಟಳೆ ಮಾಡಿದವರಿಗೆ ಚೆನ್ನಾಗಿ ತಿಳಿದಿತ್ತು. ಮರುವರ್ಷ, ೧೯೬೮ರಲ್ಲಿ, ಮುಂಚಕ್ರದ ಸರಣಿ ಮುರಿದುದು ಹಿಂದುಗಡೆ ಎಂಜಿನಿದ್ದು ಹಿಂಚಕ್ರಗಳಿಂದ ನಡೆಯುವ ಪೋರ್ಷೆ ೯೧೧ ಕಾರಿನಿಂದ. ಎಳೆಯುವ ಚಕ್ರಗಳ ಮೇಲೆ ಎಂಜಿನಿನ ಭಾರವಿರಬೇಕೆಂಬ ತತ್ತ್ವ ಅಲ್ಲಿಯೂ ಇತ್ತು, ತಕ್ಕ ಟೈರುಗಳೂ ಇದ್ದುವು. ಮುಂದು ಹಿಂದು ಎಂಬುದು ಎರಡನೆಯ ಮಾತು.

ಸರ್ಕಾರಗಳು ಇದನ್ನು ಒಂದೇ ರೀತಿಯಾಗಿ ಅರಿತಿಲ್ಲ. ಸ್ವೀಡನ್ನಿನಲ್ಲಿ ಡಿಸೆಂಬರ್ ಮೊದಲಿನಿಂದ ಮಾರ್ಚಿಯ ಕೊನೆಯವರೆಗೆ ದಾರಿ ಚಳಿಗಾಲದ ಸ್ಥಿತಿಯಲ್ಲಿದ್ದರೆ ಚಳಿಗಾಲದ ಟೈರು ಕಡ್ಡಾಯ. ಕೆನಡದ ಕ್ವಿಬೆಕ್ ಪ್ರಾಂತ ೨೦೦೮ರಿಂದ ಇಂತಹ ಕಾನೂನನ್ನು ನಡೆಸುತ್ತಿದೆ. ಜರ್ಮನಿಯಲ್ಲಿ ೨೦೧೦ರಿಂದ ಹಿಮವಿದ್ದಾಗ ತಕ್ಕ ಟೈರಿಲ್ಲದೆ ಕಾರು ನಡೆಸುವುದು ಅಪರಾಧ. ಕ್ವಿಬೆಕ್ಕಿನ ನೆರೆಯ ಆಂಟೇರಿಯೊದಲ್ಲಾದರೋ ಸಾಮಾನ್ಯ ಕಾರುಗಳಿಗೆ ಈ ಕಡ್ಡಾಯವಿಲ್ಲ. ಚಳಿಗಾಲದ ಟೈರು ಹಾಕಿದವನಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮ ಮಾತ್ರ ಇದೆ. ಇದು ನನಗೆ ಸರಿಯೆಂದು ತೋರುವುದಿಲ್ಲ. ಟೈರಿನ ಆಯ್ಕೆ ಸ್ವಂತ ವಿಷಯವಾಗಿದ್ದರೆ ಅದನ್ನು ಮಾಲೀಕನಿಗೇ ಬಿಡಬಹುದಾಗಿತ್ತು. ಆ ೪೯ ಮೀಟರುಗಳ ದಾರಿಯಲ್ಲಿ ಇರುವವನು ಮಾಲೀಕನೊಬ್ಬನೇ ಅಲ್ಲ. ಮೊಳೆ ಜಡಿದ ಟೈರಿನ ಮಾತು ಬೇರೆ. ಅದು ರಸ್ತೆಯನ್ನು ಕೆರೆದು ಧೂಳೆಬ್ಬಿಸುವುದರಿಂದ ಜರ್ಮನಿ ಅದನ್ನು ನಿಷೇಧಿಸಿದೆ. ಜಪಾನ್ ಸಹ ೧೯೯೦ರಲ್ಲಿ ಕಾನೂನು ಮಾಡಿ ತಡೆಯಿತು. ಅಲ್ಲಿ ಒಬ್ಬನ ಹಿಡಿತಕ್ಕೂ ಊರಿನವರೆಲ್ಲರ ಉಸಿರಿಗೂ ತಕರಾರು ಬಂದಿತ್ತು, ಕಾನೂನು ಊರಿನ ಪಕ್ಷ ವಹಿಸಿತು. ಮೊಳೆಯಿಲ್ಲದ ಮೃದು ಟೈರಿಗೆ ಅಂತಹ ತಕರಾರು ಏನೂ ಇಲ್ಲ.

ಹಳೆಯ ಕಾರನ್ನು ನೋಡಲು ಹೋಗುವ ನಮ್ಮ ವಿದ್ಯಾರ್ಥಿಯು ಎಂಜಿನಿನ ಬಲವನ್ನು ಕೇಳುವುದಕ್ಕೆ ಮೊದಲು ಬಗ್ಗಿ ಟೈರಿನ ಪಕ್ಕವನ್ನು ಓದಲಿ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆ ಇದ್ದರೆ ಅದು ಹಿಮದಲ್ಲಿ ಪರೀಕ್ಷೆಗೊಂಡ ಟೈರು. ಅಲ್ಲಿಯೇ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳು ಇರುವುವು. ಮೊದಲೆರಡು ಅದನ್ನು ಮಾಡಿದ ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುವುವು. ೩೮೨೧ ಎಂದಿದ್ದರೆ ಅದು ೨೦೨೧ನೆಯ ಇಸವಿಯ ೩೮ನೆಯ ವಾರದ್ದು. ವರ್ಷ ಕಳೆದಂತೆ ರಬ್ಬರು ಬಿರುಸಾಗುವುದರಿಂದ, ಗಾಡಿಗಳು ಆಳವಾಗಿಯೇ ಉಳಿದಿದ್ದರೂ ಹತ್ತು ವರ್ಷದ ಟೈರನ್ನು ನಂಬಬಾರದು. ಗಾಡಿಯ ಆಳವನ್ನು ಅಳೆಯಲು ಅಳತೆಗೋಲು ಸಾಕು, ಕಾನೂನು ೧.೬ ಮಿಲಿಮೀಟರಿಗೆ ಒಪ್ಪುವ ದೇಶಗಳಲ್ಲಿಯೂ ಹಿಮಕ್ಕೆ ೪ ಮಿಲಿಮೀಟರು ಬೇಕು. ನಾಲ್ಕು ಟೈರುಗಳನ್ನೂ ಹೀಗೆಯೇ ನೋಡಬೇಕು, ಹಿಂದಿನ ಎರಡನ್ನು ಮೊದಲು.